ಮಧ್ಯಮ ಬಜೆಟ್ಟಿನ ಗೇಮಿಂಗ್ ಪಿಸಿ: ಯಾವ ಭಾಗ ಯಾವುದಕ್ಕಾಗಿ ಕಾಯುತ್ತದೆ?

ಪಿಸಿ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್ ಹೆಸರು ಬರೆಯುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಈಗ ಮೊದಲ ಸಾಲಿನಲ್ಲಿ ಮಾನಿಟರ್ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುತ್ತೇನೆ. ಯಾಕೆ ಅಂತ ನೋಡೋಣ.

1920×1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. 2560×1440ರಲ್ಲಿ 36,86,400, ಅಂದರೆ ಸುಮಾರು 1.78 ಪಟ್ಟು. 3840×2160ಕ್ಕೆ ಹೋದರೆ 82,94,400, ಸರಿಯಾಗಿ ನಾಲ್ಕು ಪಟ್ಟು. ಒಂದೊಂದು ಫ್ರೇಮಿಗೂ (ಪರದೆಯ ಮೇಲೆ ಬರುವ ಒಂದೊಂದು ಬಿಡಿ ಚಿತ್ರಕ್ಕೂ) ಇಷ್ಟೂ ಪಿಕ್ಸೆಲ್‌ಗಳ ಬಣ್ಣವನ್ನು ಯಾರೋ ಲೆಕ್ಕ ಹಾಕಬೇಕು. ಅದಕ್ಕೆ ಸಿಗುವ ಸಮಯವನ್ನೂ ಮಾನಿಟರೇ ಹೇಳುತ್ತದೆ: 60 ಹರ್ಟ್ಜ್ ಪರದೆಯಾದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದಾದರೆ, ಫ್ರೇಮಿಗೆ 16.7 ಮಿಲಿಸೆಕೆಂಡ್, 144 ಹರ್ಟ್ಜ್ ಆದರೆ ಬರೀ 6.9. ಹಾಗಾಗಿ ಕೆಲಸ ಎಷ್ಟು, ಸಮಯ ಎಷ್ಟು ಎಂಬ ಎರಡೂ ಪರದೆಯಲ್ಲೇ ತೀರ್ಮಾನವಾಗಿಬಿಡುತ್ತವೆ. 60 ಹರ್ಟ್ಜ್‌ನ ಹಳೆಯ ಮಾನಿಟರ್ ಇಟ್ಟುಕೊಂಡು ಸೆಕೆಂಡಿಗೆ 200 ಫ್ರೇಮ್ ಕೊಡುವ ಪಿಸಿ ಕಟ್ಟಿದರೆ, ಅದರಲ್ಲಿ 60 ಮಾತ್ರ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತವೆ.

ಸಿಪಿಯು, ಜಿಪಿಯು: ಇಬ್ಬರ ಸರದಿ

ಒಂದು ಫ್ರೇಮ್ ಎರಡು ಕೈ ದಾಟಿ ಬರುತ್ತದೆ: ಮೊದಲು ಸಿಪಿಯು, ಅಂದರೆ ಪ್ರೊಸೆಸರ್; ಆಮೇಲೆ ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್. ಶತ್ರು ಎಲ್ಲಿದ್ದಾನೆ, ಗುಂಡು ಯಾರಿಗೆ ತಾಗಿತು, ಬಾಗಿಲು ತೆರೆಯಿತೇ, ಯಾವ ಯಾವ ವಸ್ತುವನ್ನು ಚಿತ್ರಿಸಬೇಕು ಎಂಬುದನ್ನೆಲ್ಲ ಸಿಪಿಯು ನಿರ್ಧರಿಸಿ ಜಿಪಿಯುಗೆ ಆದೇಶ ಕಳಿಸುತ್ತದೆ. ಜಿಪಿಯು ಅದನ್ನು ಪಿಕ್ಸೆಲ್ಲಿಗಿಳಿಸುತ್ತದೆ. ಜಿಪಿಯು ಈ ಫ್ರೇಮ್ ಬಿಡಿಸುತ್ತಿರುವಾಗ ಸಿಪಿಯು ಮುಂದಿನದರ ತಯಾರಿಯಲ್ಲಿರುತ್ತದೆ. ಆದ್ದರಿಂದ ಎರಡೂ ಸಮಯಗಳನ್ನು ಕೂಡಿಸಬಾರದು. ಯಾರು ನಿಧಾನವೋ ಅವರದೇ ವೇಗ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಾವುದೋ ಆಟದಲ್ಲಿ ಸಿಪಿಯುಗೆ ಫ್ರೇಮಿಗೆ 8 ಮಿಲಿಸೆಕೆಂಡ್, ಜಿಪಿಯುಗೆ 14 ಬೇಕು. ಫಲಿತಾಂಶ 1000/14, ಸುಮಾರು 71 ಫ್ರೇಮ್. ಈಗ ದುಡ್ಡು ಸುರಿದು 5 ಮಿಲಿಸೆಕೆಂಡಿನ ಸಿಪಿಯು ತಂದರೆ? ಅದೇ 71. ಅದು ಬೇಗ ಮುಗಿಸಿ ಕೈಕಟ್ಟಿ ಕೂರುತ್ತದೆ, ಅಷ್ಟೇ. ಬದಲಿಗೆ ರೆಸಲ್ಯೂಶನ್ (ಪಿಕ್ಸೆಲ್ ಎಣಿಕೆ) ಇಳಿಸಿದೆವು, ಜಿಪಿಯು ಸಮಯ 7ಕ್ಕೆ ಬಂತು ಅನ್ನಿ. ಈಗ ನಿಧಾನದವನು ಸಿಪಿಯು: 1000/8, ಅಂದರೆ 125 ಫ್ರೇಮ್. ರೆಸಲ್ಯೂಶನ್ ಬದಲಿಸಿದರೆ ಸಿಪಿಯು ಕೆಲಸ ಹೆಚ್ಚುಕಡಿಮೆ ಹಾಗೇ ಇರುತ್ತದೆ ಎಂಬುದನ್ನು ಗಮನಿಸಿ. ಇದರಿಂದ ಒಂದು ಸುಲಭದ ಪರೀಕ್ಷೆಯೂ ಸಿಕ್ಕಿತು: ಈಗಿರುವ ಪಿಸಿಯಲ್ಲಿ ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ಏರಿದರೆ ಅಲ್ಲಿಯವರೆಗೆ ತಡೆದದ್ದು ಗ್ರಾಫಿಕ್ಸ್ ಕಾರ್ಡು. ಏರದಿದ್ದರೆ ಬೇರೆ ಕಾರ್ಡು ತಂದೂ ಪ್ರಯೋಜನವಿಲ್ಲ.

ಹೀಗೆ ನಿಧಾನದವನು ತಡೆಯುವುದನ್ನು ಬಾಟಲ್‌ನೆಕ್ ಅನ್ನುತ್ತಾರೆ. ಎರಡು ಭಾಗಗಳ ಹೆಸರು ಕೊಟ್ಟರೆ "ಬಾಟಲ್‌ನೆಕ್ ಶೇಕಡಾ ಇಷ್ಟು" ಎಂದು ಹೇಳುವ ಲೆಕ್ಕಯಂತ್ರಗಳನ್ನು ನಾನು ನಂಬದಿರುವುದೂ ಇದೇ ಕಾರಣಕ್ಕೆ. ಆಟ ಬದಲಾದರೆ ನಿಧಾನದವನೂ ಬದಲಾಗುತ್ತಾನೆ. ಎಷ್ಟೋ ಸಲ ಒಂದೇ ಆಟದಲ್ಲಿ ಊರೊಳಗೆ ಸಿಪಿಯು, ಊರಾಚೆಯ ಕಾಡಿನಲ್ಲಿ ಜಿಪಿಯು ತಡೆಯುವುದುಂಟು.

ಗ್ರಾಫಿಕ್ಸ್ ಕಾರ್ಡು

ಮಾನಿಟರ್ ಬಿಟ್ಟು ಉಳಿದ ಬಜೆಟ್ಟಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ಹತ್ತಿರದವರೆಗೂ ಇದಕ್ಕೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಆರ್‌ಜಿಬಿ ದೀಪ, ಗಾಜಿನ ಕೇಸ್, ದುಬಾರಿ ಮದರ್‌ಬೋರ್ಡ್ ಎಲ್ಲವೂ ಇದರ ಪಾಲನ್ನೇ ತಿನ್ನುವುದು.

ಇಲ್ಲಿ ನಾವು ಎಡವುವುದು ಮೆಮೊರಿಯಲ್ಲಿ. ಆಟದ ಟೆಕ್ಸ್ಚರ್‌ಗಳು (ವಸ್ತುಗಳ ಮೈಮೇಲಿನ ಚಿತ್ರಗಳು) ಕಾರ್ಡಿನ ಮೇಲಿರುವ ವಿರ‍್ಯಾಮ್‌ನಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಉಳಿದದ್ದು ಮುಖ್ಯ ರ‍್ಯಾಮ್‌ಗೆ ಹೋಗುತ್ತದೆ, ಬೇಕಾದಾಗಲೆಲ್ಲ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಓಡಿಬರಬೇಕಾಗುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡು ತೆಗೆದುಕೊಳ್ಳಿ. ಅದರ 8 ಜಿಬಿ ವಿರ‍್ಯಾಮ್ ಸೆಕೆಂಡಿಗೆ 272 ಜಿಬಿ ದತ್ತಾಂಶ ಕೊಡಬಲ್ಲದು. ಆದರೆ ಆ ಕಾರ್ಡು ಬಳಸುವುದು ಪಿಸಿಐಇಯ ಎಂಟೇ ಲೇನ್‌ಗಳನ್ನು. ನಾಲ್ಕನೇ ತಲೆಮಾರಿನ ಎಂಟು ಲೇನ್ ಎಂದರೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ. ಹದಿನೇಳು ಪಟ್ಟು ಇಕ್ಕಟ್ಟಾದ ದಾರಿ! ಮೂರನೇ ತಲೆಮಾರಿನ ಹಳೆಯ ಬೋರ್ಡಿಗೆ ಹಾಕಿದರೆ ಅದೂ ಅರ್ಧವಾಗುತ್ತದೆ. ಸರಾಸರಿ ಫ್ರೇಮ್ ಚೆನ್ನಾಗಿದ್ದೂ ಆಟ ಆಗಾಗ ಮುಗ್ಗರಿಸಿದಂತೆ ಅನಿಸುವುದಕ್ಕೆ ಇದೊಂದು ಸಾಮಾನ್ಯ ಕಾರಣ. ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕ ಇರುವ "1% ಲೋ" ಅಂಕಿಯನ್ನು ತಪ್ಪದೇ ಓದಿ. ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮ್‌ಗಳ ಕತೆ ಅದು, ಮುಗ್ಗರಿಕೆ ಕಾಣಿಸಿಕೊಳ್ಳುವುದು ಅಲ್ಲೇ.

ನನ್ನ ಪಟ್ಟಿಯಲ್ಲಿ ಹೀಗಿದೆ: 1080ಪಿ (1920×1080) ಪರದೆ, ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಲು ತಕರಾರಿಲ್ಲ ಎನ್ನುವವರಿಗೆ 8 ಜಿಬಿ ನಡೆಯುತ್ತದೆ. 1440ಪಿ (2560×1440), ಅಥವಾ ನಾಲ್ಕೈದು ವರ್ಷ ಕಾರ್ಡು ಬದಲಿಸುವುದಿಲ್ಲ ಎನ್ನುವವರು 12 ಅಥವಾ 16 ಜಿಬಿ ನೋಡಬೇಕು. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಇದೆ, ಎಎಂಡಿಯ ಆರ್‌ಎಕ್ಸ್ 7800 ಎಕ್ಸ್‌ಟಿಯಲ್ಲಿ 16.

ಹೆಸರು ನೋಡಿ ಮೋಸಹೋಗಬೇಡಿ. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ 12 ಜಿಬಿ, 192-ಬಿಟ್ ಬಸ್ಸಿನ (ಮೆಮೊರಿಗೆ ಹೋಗುವ ದಾರಿಯ ಅಗಲ) ಕಾರ್ಡೂ ಇದೆ. 8 ಜಿಬಿ, 128-ಬಿಟ್ ಬಸ್ಸಿನದೂ ಇದೆ. ಎರಡನೆಯದು ಮೆಮೊರಿ ವೇಗದಲ್ಲೂ ಮೂರನೇ ಒಂದು ಪಾಲು ಹಿಂದೆ. 4060 ಟಿಐ ಕೂಡ 8 ಮತ್ತು 16 ಜಿಬಿ ಎರಡರಲ್ಲೂ ಬಂದಿದೆ. ಡಬ್ಬದ ಮೇಲಿನ ದೊಡ್ಡ ಅಕ್ಷರ ಓದಿದರೆ ಸಾಲದು, ಸಣ್ಣ ಅಕ್ಷರಕ್ಕೂ ಕಣ್ಣು ಹಾಯಿಸಿ.

ಅಪ್‌ಸ್ಕೇಲಿಂಗ್, ಅಂದರೆ ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರಿಸಿ ಪರದೆಯ ಅಳತೆಗೆ ಹಿಗ್ಗಿಸುವುದರ ಬಗ್ಗೆ ಒಂದು ಮಾತು. 1440ಪಿಯಲ್ಲಿ ಎನ್ವಿಡಿಯಾದ ಅಪ್‌ಸ್ಕೇಲಿಂಗ್ ಆದ ಡಿಎಲ್‌ಎಸ್‌ಎಸ್‌ನ "ಕ್ವಾಲಿಟಿ" ಆರಿಸಿದರೆ ಒಳಗೆ ಚಿತ್ರಿಸುವುದು ಸುಮಾರು 1707×960ರಲ್ಲಿ. ಪಿಕ್ಸೆಲ್ ಎಣಿಕೆ 1080ಪಿಗಿಂತಲೂ ಕಡಿಮೆ! ಮಧ್ಯಮ ದರ್ಜೆಯ ಕಾರ್ಡಿಗೆ 1440ಪಿ ಪರದೆ ಎಟುಕುವುದು ಬಹುಪಾಲು ಇದರಿಂದಲೇ. ಫ್ರೇಮ್ ಜನರೇಶನ್ ಬೇರೆಯದೇ ವಿಷಯ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಊಹಿಸಿ ಸೇರಿಸುತ್ತದೆ. ನೋಟ ನಯವಾಗುತ್ತದೆ, ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಸೆಕೆಂಡಿಗೆ 30 ಫ್ರೇಮ್ ಇರುವಲ್ಲಿ ಇದನ್ನು ಹಾಕಿದರೆ ಅಂಕಿ 60 ತೋರಿಸುತ್ತದೆ, ಕೈಗೆ ಮಾತ್ರ 30ರದೇ ಭಾರ.

ಸಿಪಿಯು ಮತ್ತು ಅದರ ಸಾಕೆಟ್

ಆರು ಕೋರ್ (ಸಿಪಿಯು ಒಳಗಿನ ಬಿಡಿ ಲೆಕ್ಕಗಾರರು), ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸರಣಿಗಳು) ಇದ್ದರೆ ಮಧ್ಯಮ ಬಜೆಟ್ಟಿಗೆ ಸಾಕು. ಎಎಂಡಿಯ ರೈಜನ್ 5 7600 ಅಥವಾ ಇಂಟೆಲ್‌ನ ಕೋರ್ ಐ5 12400ಎಫ್ ಆ ಸಾಲಿನವು. ಕೋರ್ ಎಣಿಕೆಗಿಂತ ಆಟಗಳಿಗೆ ಎಷ್ಟೋ ಸಲ ಕ್ಯಾಶ್, ಅಂದರೆ ಸಿಪಿಯು ಒಳಗಿನ ಚಿಕ್ಕ, ವೇಗದ ಮೆಮೊರಿ ಮುಖ್ಯ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯ ಗರಿಷ್ಠ ವೇಗ 4.5 ಗಿಗಾಹರ್ಟ್ಜ್, ಅದರ ಅಣ್ಣ 5800ಎಕ್ಸ್‌ನದು 4.7. ಆದರೂ ಹೆಚ್ಚಿನ ಆಟಗಳಲ್ಲಿ ತಮ್ಮನೇ ಮುಂದೆ, ಏಕೆಂದರೆ ಅವನ ಎಲ್3 ಕ್ಯಾಶ್ 32ರ ಬದಲು 96 ಎಂಬಿ. ದತ್ತಾಂಶ ಕೈಯಳತೆಯಲ್ಲೇ ಇದ್ದರೆ ಸಿಪಿಯು ರ‍್ಯಾಮ್‌ಗಾಗಿ ಕಾಯುವುದು ತಪ್ಪುತ್ತದೆ.

ಇಂಟೆಲ್ ಹೆಸರಿನ ಕೊನೆಯ "ಎಫ್" ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ಕೆಟ್ಟ ದಿನ ಪರದೆಯೂ ಇಲ್ಲ. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಒಳಗೇ ಇದೆ. ಆಟಕ್ಕೆ ಉಪಯೋಗವಿಲ್ಲ, ದೋಷ ಹುಡುಕುವಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಸಿಪಿಯು ಕೂರುವ ಜಾಗ, ಆರಿಸುವುದೆಂದರೆ ಮುಂದಿನ ಅಪ್‌ಗ್ರೇಡ್ ಆರಿಸಿದಂತೆ. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಪಾಠ: 2017ರ ಮೊದಲ ರೈಜನ್‌ಗೆಂದು ಬಂದ ಎಷ್ಟೋ ಬೋರ್ಡುಗಳು ಬಯಾಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಸಿಕೊಂಡು 2022ರ 5800ಎಕ್ಸ್3ಡಿಯನ್ನೂ ಓಡಿಸಿದವು. ಇಂಟೆಲ್‌ನ ಎಲ್‌ಜಿಎ1700 ಹನ್ನೆರಡರಿಂದ ಹದಿನಾಲ್ಕನೇ ತಲೆಮಾರಿನವರೆಗೆ ನಡೆದು, 2024ರಲ್ಲಿ ಎಲ್‌ಜಿಎ1851ಕ್ಕೆ ಜಾಗ ಬಿಟ್ಟಿತು. ಎಎಂ4ರ ನಂತರದ ಎಎಂ5 2022ರಲ್ಲಿ ಬಂದದ್ದು, ಮೆಮೊರಿಯಲ್ಲಿ ಡಿಡಿಆರ್5 ತಲೆಮಾರನ್ನು ಮಾತ್ರ ಒಪ್ಪುತ್ತದೆ. ಹೊಸದಾಗಿ ಕಟ್ಟುವವರಿಗೆ ನನ್ನ ಒಲವು ಇದರ ಕಡೆಗೇ. ಕೈಯಲ್ಲಿ ಈಗಾಗಲೇ ಡಿಡಿಆರ್4 ರ‍್ಯಾಮ್ ಇದ್ದವರ ಲೆಕ್ಕ ಬೇರೆ.

ಮದರ್‌ಬೋರ್ಡಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 7600ರಂಥ 65 ವ್ಯಾಟ್ ವರ್ಗದ ಸಿಪಿಯುಗೆ ಎಎಂ5 ಸಾಕೆಟ್ಟಿನ ಬಿ650 ಬೋರ್ಡು ಧಾರಾಳ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟು, ರ‍್ಯಾಮ್ ಸ್ಲಾಟ್ ಎರಡೋ ನಾಲ್ಕೋ, ಸಿಪಿಯು ಇಲ್ಲದೆಯೇ ಬಯಾಸ್ ಬದಲಿಸುವ ಗುಂಡಿ ಹಿಂದೆ ಇದೆಯೇ, ಇಷ್ಟು ನೋಡಿ. ಬೋರ್ಡಿನಲ್ಲಿರುವ ಬಯಾಸ್ ಹಳೆಯದು, ಸಿಪಿಯು ಹೊಸದು ಎಂದಾದಾಗ ಆ ಗುಂಡಿಯೇ ಗತಿ.

ರ‍್ಯಾಮ್ ಚೀಟಿ ಓದುವುದು

ಚೀಟಿಯ ಮೇಲೆ ಹೀಗಿರುತ್ತದೆ: ಡಿಡಿಆರ್5-6000, ಸಿಎಲ್30, 2×16 ಜಿಬಿ. ಒಂದೊಂದಾಗಿ ಬಿಡಿಸೋಣ.

6000 ಎಂದರೆ ಸೆಕೆಂಡಿಗೆ 600 ಕೋಟಿ ಸಲ ದತ್ತಾಂಶ ಸಾಗಾಟ. ಪ್ರತಿ ಸಲಕ್ಕೆ 8 ಬೈಟ್‌ನಂತೆ ಒಂದು ರ‍್ಯಾಮ್ ಕಡ್ಡಿಗೆ ಸೆಕೆಂಡಿಗೆ 48 ಜಿಬಿ, ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿದ್ದರೆ 96. ಒಂದೇ ಕಡ್ಡಿಯ 32 ಜಿಬಿ ಕೊಂಡವರು ಗಾತ್ರವನ್ನು ಪೂರ್ತಿ ಪಡೆದು ವೇಗದಲ್ಲಿ ಅರ್ಧ ಕಳೆದುಕೊಳ್ಳುತ್ತಾರೆ. 2×16 ಅನ್ನುವುದಕ್ಕೆ ಇದೇ ಅರ್ಥ.

ಸಿಎಲ್, ಅಂದರೆ ಕೇಳಿದ ದತ್ತಾಂಶ ಬರುವ ಮೊದಲಿನ ಕಾಯುವಿಕೆ, ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುವುದು ಅರ್ಧ ಸತ್ಯ, ಅದು ಗಡಿಯಾರದ ಬಡಿತಗಳ ಎಣಿಕೆ ಮಾತ್ರ. ನ್ಯಾನೋಸೆಕೆಂಡಿಗೆ ತರಬೇಕಾದರೆ ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. ಡಿಡಿಆರ್4-3200 ಸಿಎಲ್16 ಆದರೆ 16×2000/3200, ಅಂದರೆ 10. ಡಿಡಿಆರ್5-6000 ಸಿಎಲ್30 ಆದರೂ 10. ಸಿಎಲ್36 ಆದರೆ 12. ಮೂವತ್ತು ಎಂಬ ಅಂಕಿ ನೋಡಿ ಹೆದರಿ ಹಿಂದೆ ಸರಿಯಬೇಕಿಲ್ಲ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿಪಿಯುನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಕಡ್ಡಿ ಹಾಕಬೇಕು; ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಆಮೇಲೆ ಬಯಾಸ್‌ಗೆ ಹೋಗಿ ಚೀಟಿಯ ಮೇಲಿನ ವೇಗವನ್ನು ತರುವ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಚಾಲೂ ಮಾಡಬೇಕು. ಇಲ್ಲದಿದ್ದರೆ ಕಡ್ಡಿ ತನ್ನ ಮೂಲ ವೇಗದಲ್ಲೇ ಓಡುತ್ತದೆ. ನಾನು 6000ದ ರ‍್ಯಾಮ್ ಕೊಂಡು ಎರಡು ತಿಂಗಳು 4800ರಲ್ಲಿ ಓಡಿಸಿದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಆ ಅಂಕಿ ಅಷ್ಟೂ ದಿನ ಕಣ್ಣೆದುರೇ ಇತ್ತು.

ಎಸ್‌ಎಸ್‌ಡಿ: 1 ಟಿಬಿಯ ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ಬಗೆ) ಕೊಳ್ಳಿ, ಮುಂದೆ ಹೋಗಿ. ಹಳೆಯ ಸಾಟಾ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ, ನಾಲ್ಕನೇ ತಲೆಮಾರಿನ ಎನ್‌ವಿಎಂಇ 7000ದವರೆಗೂ ಹೋಗುತ್ತದೆ. ಆದರೆ ಆಟ ಲೋಡ್ ಆಗುವ ಸಮಯ ಹದಿಮೂರು ಪಟ್ಟು ಇಳಿಯುವುದಿಲ್ಲ, ಬಂದ ದತ್ತಾಂಶವನ್ನು ಬಿಚ್ಚಿ ಜೋಡಿಸುವ ಕೆಲಸ ಸಿಪಿಯು ಮೇಲೂ ಇರುತ್ತದಲ್ಲ. ಎಂ.2 ಎಂಬುದು ಆಕಾರದ ಹೆಸರು. ಆ ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಇವೆ.

ಪವರ್ ಸಪ್ಲೈ ಲೆಕ್ಕ

7600 ಸಿಪಿಯುವಿನ ಹೆಸರಿಗೆ 65 ವ್ಯಾಟ್ ಅಂಟಿಕೊಂಡಿದೆ, ಆದರೆ ಸಾಕೆಟ್ಟಿನಿಂದ 88 ವ್ಯಾಟ್‌ವರೆಗೂ ಎಳೆಯಲು ಅದಕ್ಕೆ ಅನುಮತಿಯಿದೆ. ಲೆಕ್ಕಕ್ಕೆ ಎರಡನೆಯದನ್ನೇ ಹಿಡಿಯಿರಿ. 7800 ಎಕ್ಸ್‌ಟಿ ಕಾರ್ಡಿಗೆ 263. ಬೋರ್ಡು, ರ‍್ಯಾಮ್, ಡ್ರೈವ್, ಫ್ಯಾನ್ ಎಲ್ಲ ಸೇರಿ 60 ಅನ್ನಿ. ಒಟ್ಟು 411. ಆದರೂ ಆ ಕಾರ್ಡಿಗೆ ಎಎಂಡಿ 700 ವ್ಯಾಟ್ ಶಿಫಾರಸು ಮಾಡುತ್ತದೆ. ಅತಿಯಾಯಿತು ಅನಿಸಬಹುದು. ಗ್ರಾಫಿಕ್ಸ್ ಕಾರ್ಡು ಕಣ್ಣೆವೆ ಇಕ್ಕುವುದಕ್ಕೂ ಮೊದಲೇ ಮುಗಿದುಹೋಗುವಷ್ಟು ಕ್ಷಣಿಕವಾಗಿ ತನ್ನ ಸರಾಸರಿಗಿಂತ ಬಹಳ ಮೇಲಕ್ಕೆ ನೆಗೆಯುತ್ತದೆ. ಪವರ್ ಸಪ್ಲೈ ಅದನ್ನು ಅಪಾಯವೆಂದುಕೊಂಡು ತಟ್ಟನೆ ಆರಿಸಿಬಿಟ್ಟರೆ ಆಟದ ಮಧ್ಯೆ ಪಿಸಿ ಕಪ್ಪಾಗುತ್ತದೆ. 115 ವ್ಯಾಟ್‌ನ 4060ಗೆ ಒಳ್ಳೆಯ 550 ಸಾಕು.

"ಒಳ್ಳೆಯ" ಅನ್ನುವುದನ್ನು 80 ಪ್ಲಸ್ ಚೀಟಿ ಹೇಳುವುದಿಲ್ಲ. ಅದು ದಕ್ಷತೆಯ ಅಂಕ ಮಾತ್ರ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ 85%, ಗೋಲ್ಡ್ 90% ಮುಟ್ಟಬೇಕು. ಒಳಗೆ 400 ವ್ಯಾಟ್ ಬೇಕಾದಾಗ ಗೋಡೆಯಿಂದ ಒಂದು 470 ಎಳೆದರೆ ಇನ್ನೊಂದು 444. ವ್ಯತ್ಯಾಸ ಅಷ್ಟೇ. ವೋಲ್ಟೇಜ್ ಎಷ್ಟು ಸ್ಥಿರ, ಶಾರ್ಟ್ ಆದರೆ ಕಡಿದುಹಾಕುತ್ತದೆಯೇ ಎಂಬುದಕ್ಕೆ ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆಯನ್ನೇ ಓದಬೇಕು. ಇನ್ನೊಂದು, ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈ ಬದಲಿಸಿದರೆ ಹಳೆಯ ಕೇಬಲ್ ಉಳಿಸಿಕೊಳ್ಳಬೇಡಿ. ಪವರ್ ಸಪ್ಲೈ ಕಡೆಯ ತುದಿಯ ಪಿನ್ ಜೋಡಣೆಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಸರಿಯಾಗಿ ಕೂತ ಕೇಬಲ್ಲೇ ಡ್ರೈವನ್ನು ಸುಡಬಹುದು.

ಕೇಸ್ ಆರಿಸುವಾಗ ಟೇಪು ಹಿಡಿಯಿರಿ. ಕಾರ್ಡಿನ ಉದ್ದ, ಕೂಲರ್ ಎತ್ತರ, ಎರಡೂ ಮಿಲಿಮೀಟರ್‌ನಲ್ಲಿ. ಮುಂದೆ ನೀರಿನ ಕೂಲರ್‌ನ ರೇಡಿಯೇಟರ್ ಹಾಕುವುದಾದರೆ ಅದರ 27 ಮತ್ತು ಫ್ಯಾನಿನ 25 ಸೇರಿ 52 ಮಿಲಿಮೀಟರ್ ಕಾರ್ಡಿನ ಜಾಗದಿಂದ ಹೋಗುತ್ತದೆ. ಮುಂಭಾಗ ಗಾಜಿಗಿಂತ ಜಾಲರಿ ಇರಲಿ.

ಮೊದಲ ಸಲ ಚಾಲೂ ಮಾಡುವಾಗ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಪರದೆ 144 ಹರ್ಟ್ಜ್‌ನದಾದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಎಂದು ಆಯ್ಕೆ ಮಾಡಿ. ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ.

ಡಿಡಿಆರ್5 ಬೋರ್ಡುಗಳು ಮೊದಲ ಸಲ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತವೆ, ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಫ್ಯಾನ್ ತಿರುಗುತ್ತಿರುತ್ತದೆ, ಪರದೆ ಕಪ್ಪು, ಕೆಲವೊಮ್ಮೆ ಹಲವಾರು ನಿಮಿಷ. ನನಗೆ ಇದು ಗೊತ್ತಿರಲಿಲ್ಲ. ಎರಡೇ ನಿಮಿಷಕ್ಕೆ ಸ್ವಿಚ್ ಆರಿಸಿ, ಕಡ್ಡಿ ಬಿಚ್ಚಿ, ಒರೆಸಿ, ಬೇರೆ ಸ್ಲಾಟಿಗೆ ಹಾಕಿದೆ. ಟ್ರೇನಿಂಗ್ ಮತ್ತೆ ಮೊದಲಿನಿಂದ. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಬೇಸರದಿಂದ ಅದನ್ನು ಹಾಗೇ ಬಿಟ್ಟು ಎದ್ದು ಹೋದೆ. ವಾಪಸ್ ಬಂದಾಗ ಬಯಾಸ್ ಪರದೆ ಬೆಳಗುತ್ತಿತ್ತು.