ಮೊಣಕಾಲು ಒತ್ತಬೇಡಿ, ಮುಟ್ಟಿ

ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆ ಆದವರನ್ನು ಕರೆದುಕೊಂಡು ಮಕ್ಕಳು, ಸೊಸೆಯಂದಿರು ನವಲಗುಂದ, ಕುಂದಗೋಳದಿಂದ ಹುಬ್ಬಳ್ಳಿಗೆ ಬರುತ್ತಾರೆ. ತೊಡೆಯ ಸ್ನಾಯು ಬಿಗಿದು ಮೊಣಕಾಲು ನೇರ ಮಾಡುವ ವ್ಯಾಯಾಮವನ್ನು ಸರಿಯಾಗಿ ನೋಡಿಕೊಂಡೇ ಹೋಗುತ್ತಾರೆ. ಮನೆಯಲ್ಲಿ ಮಾತ್ರ ಅದೇ ತಪ್ಪು: ‘ಇನ್ನೊಂಚೂರು ಒತ್ತು ಯವ್ವಾ’ ಎನ್ನುತ್ತ ಅಂಗೈಯಿಂದ ತಾವೇ ಮೊಣಕಾಲನ್ನು ಅದುಮುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಆಗ ಕಾಲು ನೇರ ಮಾಡಿದ್ದು ನಿಮ್ಮ ಅಂಗೈ. ತೊಡೆಯ ಮುಂಭಾಗದ ಸ್ನಾಯು ಸುಮ್ಮನೆ ಬಿದ್ದಿರುತ್ತದೆ. ನೋವಾದರಂತೂ ಅವ್ವ ಕಾಲನ್ನು ಹಿಂದಕ್ಕೆಳೆಯುತ್ತಾಳೆ.

ಬೆರಳಿನ ಕೆಲಸ ತಳ್ಳುವುದಲ್ಲ, ಎಲ್ಲಿ ಬಿಗಿಯಬೇಕೆಂದು ತಿಳಿಸುವುದು. ಗೋಡೆಗೊರಗಿ ಕಾಲು ಚಾಚಿ ಕೂರಿಸಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಡಿ. ಮೊಣಕಾಲ ಚಿಪ್ಪಿನ ಮೇಲಂಚಿನಿಂದ ಎರಡು-ಮೂರು ಬೆರಳು ಮೇಲೆ, ಒಳಮಗ್ಗುಲಿಗೆ, ಹೊಲಿಗೆ ತಾಗದಂತೆ ಎರಡು ಬೆರಳ ತುದಿ ಇಡಿ. ಬಡಿದ ರೊಟ್ಟಿಯ ಅಂಚು ತೆಳುವಾಯಿತೇ ಎಂದು ಮುಟ್ಟಿ ನೋಡುತ್ತೀರಲ್ಲ, ಅಷ್ಟೇ ಭಾರ. ‘ನನ್ನ ಬೆರಳಿನಡಿ ಗಟ್ಟಿ ಮಾಡು, ಟವೆಲ್ ಒತ್ತು’ ಎನ್ನಿ. ಸ್ನಾಯು ಬೆರಳನ್ನು ಮೇಲೆತ್ತಬೇಕು, ಚಿಪ್ಪು ತೊಡೆಯ ಕಡೆಗೆ ಸರಿಯಬೇಕು. ಬೆರಳಿನಡಿ ಮೆತ್ತಗೇ ಇದ್ದು ಕುಂಡಿ ಮಾತ್ರ ಬಿಗಿಯಾದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಐದು ಎಣಿಸುವವರೆಗೆ ಹಿಡಿದು ಬಿಡಬೇಕು, ಹೀಗೆ ಹತ್ತು ಸಲ. ಎಣಿಕೆ ಅವರ ಬಾಯಿಂದಲೇ ಬರಲಿ, ಉಸಿರು ಕಟ್ಟುವುದಿಲ್ಲ. ಹೆಬ್ಬೆರಳು ಮೇಲೆ, ಉಳಿದವು ಕೆಳಗೆ ಎಂದು ಕಾಲನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಮುಂದೂ ಹಿಂದೂ ಒಟ್ಟಿಗೆ ಮುಟ್ಟಿದರೆ ಯಾವ ಸ್ನಾಯು ಬಿಗಿಯಬೇಕೆಂದು ಅವರಿಗೆ ತಿಳಿಯದು.

ಹೊಲಿಗೆಯ ಹೊರಮಗ್ಗುಲಿನ ಚರ್ಮ ಹಲವರಿಗೆ ಜೋಮು ಹಿಡಿದಂತಿರುತ್ತದೆ, ಸಣ್ಣ ನರ ಕತ್ತರಿಸಿರುವುದರಿಂದ. ಅಲ್ಲಿ ಮುಟ್ಟಿ ‘ಗೊತ್ತಾಗ್ತೈತೇನು?’ ಎಂದರೆ ಪ್ರಯೋಜನವಿಲ್ಲ. ಸೊಸೆ ತೊಡೆ ಮುಟ್ಟುವುದು ಅತ್ತೆಗೆ ಮುಜುಗರವಾದರೆ ಅತ್ತೆಯ ಬೆರಳನ್ನೇ ಇಡಿಸಿ. ಕೂತು ಮಾಡಿಸುವುದರ ಅನುಕೂಲವೇ ಅದು.

ಸ್ನಾಯು ಪ್ರತಿ ಸಲ ಎದ್ದುಬರತೊಡಗಿದ ಮೇಲೆ ಬೆರಳು ಇಡುವುದನ್ನು ಕಡಿಮೆ ಮಾಡುತ್ತ ಹೋಗಿ: ಒಂದು ಬಿಟ್ಟು ಒಂದು ಸಲ ಇಡಿ, ಆಮೇಲೆ ಮೊದಲ ಎರಡು ಸಲ ಮಾತ್ರ. ಸುಳಿವು ಸದಾ ಸಿಗುತ್ತಿದ್ದರೆ ಕಲಿಯುವವರು ಅದಕ್ಕೇ ಜೋತುಬೀಳುತ್ತಾರೆಂದು ಚಲನೆಯ ಕಲಿಕೆಯ ಸಂಶೋಧಕರಾದ ಸಾಲ್ಮೋನಿ, ಶ್ಮಿಟ್, ವಾಲ್ಟರ್ 1984ರಲ್ಲೇ ಬರೆದಿದ್ದರು.

ದಿನಕ್ಕೆಷ್ಟು ಸಲ ಎಂಬುದನ್ನು ನಿಮ್ಮ ಸರ್ಜನ್ ಹೇಳಿದಂತೆ ಮಾಡಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ, ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ.