ನೇರಳೆ ಬೀಜದ ಡಬ್ಬಿ, ಸೇಬಿನ ಮರದ ತೊಗಟೆ

ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಜೂನ್ ತಿಂಗಳಲ್ಲಿ ಜನ ಕೊಡೆಯ ಜತೆ ನೇರಳೆ ಹಣ್ಣಿನ ಸುದ್ದಿಯನ್ನೂ ಹೊತ್ತು ತರುತ್ತಾರೆ. ಈ ಸಲ ಕುಂದಾಪುರ ಕಡೆಯ, ಇಲ್ಲಿ ಕ್ಯಾಂಟೀನ್ ನಡೆಸುವ ಶೆಟ್ರು ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟರು. ನೇರಳೆ ಬೀಜದ ಪುಡಿ, ಶುಗರ್ ಇಳಿಸುತ್ತದಂತೆ.

"ಇದ್ರಲ್ ಫ್ಲೇವನಾಯ್ಡ್ ಇತ್ತಂಬ್ರ್ ಡಾಕ್ಟ್ರೇ. ಮಾತ್ರೆ ಬಿಟ್ಟು ಒಂದ್ ತಿಂಗ್ಳಾಯ್ತ್."

ಫಾಸ್ಟಿಂಗ್ ಶುಗರ್ 212.

ನಾನು ಬೈಯಲಿಲ್ಲ. ಅವರು ಕೇಳಿ ಬಂದಿದ್ದರಲ್ಲಿ ಅರ್ಧ ನಿಜವಿತ್ತು. ಬಿಸಿಲು, ಹುಳಗಳಿಂದ ತಪ್ಪಿಸಿಕೊಳ್ಳೋಕೆ ಗಿಡಗಳು ತಯಾರಿಸಿಕೊಳ್ಳುವ ವಸ್ತುಗಳಲ್ಲಿ ಫ್ಲೇವನಾಯ್ಡ್‌ಗಳೂ ಸೇರಿವೆ. ನೇರಳೆ ತಿಂದಾಗ ನಾಲಗೆಗೆ ಹತ್ತುವ ಬಣ್ಣ ಅದೇ. ನಮ್ಮೂರ ಪುನರ್ಪುಳಿ, ಇಲ್ಲಿಯ ಕೋಕಂ, ಅದರ ಕೆಂಪೂ ಅದೇ. (ಅಂಗಡಿಯ ಕೋಕಂ ಸಿರಪ್ಪಿನಲ್ಲಿ ಬಣ್ಣಕ್ಕಿಂತ ಸಕ್ಕರೆ ಜಾಸ್ತಿ, ಅದು ಬೇರೆ ಮಾತು.) ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಕೆಲವು ಫ್ಲೇವನಾಯ್ಡ್‌ಗಳು ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಚೆನ್ನಾಗಿಯೇ ತಡೆಯುತ್ತವೆ. ಆದರೆ ತಿಂದಾಗ ರಕ್ತಕ್ಕೆ ಸೇರುವುದು ಸ್ವಲ್ಪವೇ. ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೇನೋ ಮಾಡಿಬಿಡುತ್ತವೆ.

ಆಮೇಲೆ ಶೆಟ್ರಿಗೆ ಒಂದು ಕಥೆ ಹೇಳಿದೆ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತು ತೆಗೆದರು. ಅದೂ ಫ್ಲೇವನಾಯ್ಡ್ ಮನೆತನದ್ದೇ. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಅಂತ 1886ರಲ್ಲಿ ಜರ್ಮನಿಯ ಫಾನ್ ಮೆರಿಂಗ್ ತೋರಿಸಿದ. ಮೂತ್ರಪಿಂಡ ಸಕ್ಕರೆಯನ್ನು ವಾಪಸ್ ಎಳೆದುಕೊಳ್ಳುವ ಬಾಗಿಲನ್ನೇ ಅದು ಮುಚ್ಚುತ್ತದೆ. ಆದರೆ ಹಾಗೇ ನುಂಗಿದರೆ ಪ್ರಯೋಜನವಿಲ್ಲ: ಕರುಳಲ್ಲೇ ಒಡೆದುಹೋಗುತ್ತದೆ, ಭೇದಿ ಬೇರೆ. ಅದರ ಅಣುವನ್ನು ತಿದ್ದಿ ತೀಡಿ ಮಾಡಿದ ಮಧುಮೇಹದ ಮಾತ್ರೆ ಡಪಾಗ್ಲಿಫ್ಲೋಜಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ. ನಮ್ಮಲ್ಲಿ 2020ರಲ್ಲಿ ಪೇಟೆಂಟ್ ಮುಗಿದು ಬೆಲೆ ಇಳಿಯಿತು.

"ನೀವು ಬಿಟ್ಟಿದ್ದು ಅದೇ ಮಾತ್ರೆ, ಶೆಟ್ರೇ."

ಅವರು ಡಬ್ಬಿಯನ್ನು ಸುಮ್ನೆ ನೋಡುತ್ತಾ ಕೂತರು.

ಊಟದಲ್ಲಿ ಫ್ಲೇವನಾಯ್ಡ್ ಬೇಡ ಅಂತಲ್ಲ. ಹಣ್ಣು, ತರಕಾರಿ, ಚಹಾದಿಂದ ಅದನ್ನು ಜಾಸ್ತಿ ಪಡೆಯುವವರಲ್ಲಿ ಟೈಪ್ 2 ಮಧುಮೇಹ ಸ್ವಲ್ಪ ಕಡಿಮೆ ಅಂತ ದೊಡ್ಡ ಅಧ್ಯಯನಗಳು ಹೇಳುತ್ತವೆ. ಅಂಥವರು ನಡೆಯುವುದೂ ಜಾಸ್ತಿ ಇರಬಹುದು, ಅಲ್ವಾ? ಆದರೂ ತಿನ್ನಿ ಅಂತಲೇ ನಾನು ಹೇಳುವುದು.

ಒಮ್ಮೆ ಅವರ ಕ್ಯಾಂಟೀನಿನ ಅಡುಗೆಮನೆ ನೋಡಿದ್ದೆ. ಹುಡುಗ ಈರುಳ್ಳಿಯ ಎರಡೂ ತುದಿ ಕೊಯ್ದು, ಕಾಗದದಂಥ ಸಿಪ್ಪೆಯ ಜತೆ ಕೆಳಗಿನ ಕೆಂಪು ಪದರವನ್ನೂ ಕಿತ್ತು ಬುಟ್ಟಿಗೆ ಎಸೆಯುತ್ತಿದ್ದ. ಹಾಗೆ ಮಾಡಿದರೆ ಕೆಲಸ ಬೇಗ. ಆದರೆ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಜಾಸ್ತಿ ಇರುವುದು ಆ ಹೊರಪದರದಲ್ಲೇ. ಬಿಳಿ ಈರುಳ್ಳಿಯಲ್ಲಿ ಅದು ತೀರಾ ಕಡಿಮೆ. ಬೇಯಿಸಿದಾಗ ಒಂದಷ್ಟು ನೀರಿಗೆ ಇಳಿಯುತ್ತದೆ. ಸಾಂಬಾರಿನಲ್ಲಾದರೆ ಚಿಂತೆಯಿಲ್ಲ, ಆ ನೀರನ್ನೂ ನಾವೇ ಸುರಿದುಕೊಂಡು ಉಣ್ಣುತ್ತೇವೆ.

ಮಾತ್ರೆ ಮತ್ತೆ ಶುರುವಾಯಿತು. ಜತೆಗೆ ಪುಡಿ ತಗೊಂಡರೆ ನನಗೆ ತಿಳಿಸಲೇಬೇಕು, ಶುಗರ್ ತೀರಾ ಇಳಿದರೂ ಕಷ್ಟ ಅಂದಿದ್ದೆ. ಮೊನ್ನೆ ಫಾಸ್ಟಿಂಗ್ 138 ಬಂತು. "ಡಬ್ಬಿ ಏನಾಯ್ತು?" ಅಂತ ಕೇಳಿದೆ. ಶೆಟ್ರು ನಕ್ಕರು, ಉತ್ತರ ಕೊಡಲಿಲ್ಲ.