ಪಾಲಿ ಪುಡಿ ಒಂದು ಹಿಡಿ ಜಾಸ್ತಿಯಾದರೆ

ಜನವರಿ. ಕಾಫಿ ಹಣ್ಣಿನ ಪಲ್ಪಿಂಗ್ (ಸಿಪ್ಪೆ ಸುಲಿದು ತೊಳೆಯುವ ಕೆಲಸ) ಜೋರಾಗಿದ್ದಾಗ ಮೂಡಿಗೆರೆ ಕಡೆಯ ತೋಟವೊಂದರಿಂದ ಫೋನ್ ಬಂತು. "ಸಾರ್, ಪಾಲಿ ಒಂದು ಹಿಡಿ ಜಾಸ್ತೀನೇ ಹಾಕ್ಸಿದೀನಿ, ತೊಳೆದ ಕೊಳೆನೀರು ಮಾತ್ರ ತಿಳಿಯಾಗ್ತಿಲ್ಲ" ಎಂದರು ತೋಟದ ಲೆಕ್ಕ ಬರೆಯುವ ರೈಟರ್. ಹೋಗಿ ನೋಡಿದರೆ ಪಾಲಿ ಕರಗಿಸುವ ಡ್ರಮ್ಮಿನಲ್ಲಿ ಸಬ್ಬಕ್ಕಿ ಗಂಜಿಯಂಥ ಲೋಳೆ. ಕೋಲಿನಲ್ಲಿ ಎತ್ತಿದರೆ ನೂಲು ನೂಲಾಗಿ ಇಳಿಯುತ್ತಿತ್ತು, ನಡುನಡುವೆ ಗಂಟುಗಳು. ಒಂದನ್ನು ಹಿಸುಕಿದೆ. ಒಳಗೆ ಪುಡಿ ಇನ್ನೂ ಒಣಗಿಯೇ ಇತ್ತು.

ಈ ಪಾಲಿಯ ಪೂರ್ತಿ ಹೆಸರು ಪಾಲಿಆಕ್ರಿಲಮೈಡ್. ಆಕ್ರಿಲಮೈಡ್ ಎಂಬ ಪುಟ್ಟ ಅಣುಗಳನ್ನು ಪೋಣಿಸಿದ ಸರ ಅದು. ಒಂದೊಂದು ಸರದಲ್ಲಿ ಲಕ್ಷಕ್ಕೂ ಹೆಚ್ಚು ಮಣಿಗಳಿರಬಹುದು. ಕೊಳೆನೀರಿನ ಸಣ್ಣ ಕಣಗಳು ಸಾಮಾನ್ಯವಾಗಿ ಒಂದೇ ಬಗೆಯ ವಿದ್ಯುದಂಶ ಹೊತ್ತು ಒಂದನ್ನೊಂದು ತಳ್ಳುತ್ತಾ ತೇಲುತ್ತಿರುತ್ತವೆ. ಪಟಿಕ ಆ ತಳ್ಳಾಟ ನಿಲ್ಲಿಸುತ್ತದೆ. ಪಾಲಿಯ ಸರ ಅವನ್ನೆಲ್ಲ ಕಟ್ಟಿ ತೂಕದ ಗಂಟು ಮಾಡಿ ತಳಕ್ಕಿಳಿಸುತ್ತದೆ. ನಮ್ಮ ಅಜ್ಜಿಯಂದಿರು ಕೊಡದ ಒಳಮೈಗೆ ಚಿಲ್ಲದ ಬೀಜ ತೇಯ್ದು ಕೆಂಪು ನೀರನ್ನು ತಿಳಿ ಮಾಡುತ್ತಿದ್ದುದೂ ಇದೇ ಜಾತಿಯ ಕೆಲಸ.

ಸರ ಉದ್ದವಾಗಿ ಬಿಚ್ಚಿಕೊಂಡರೆ ಮಾತ್ರ ಕೆಲಸ. ರಾಗಿ ಹಿಟ್ಟನ್ನು ಒಮ್ಮೆಗೇ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ; ಪಾಲಿ ಪುಡಿಯೂ ಹಾಗೆಯೇ. ಪಾಲಿ ಕರಗಿಸುವ 200 ಲೀಟರ್ ಡ್ರಮ್ಮಿಗೆ 200 ಗ್ರಾಂ ಪುಡಿ ಸಾಕು. ತಿರುಗುವ ನೀರಿನ ಸುಳಿಗೆ ಕೋಸಂಬರಿಗೆ ಉಪ್ಪು ಉದುರಿಸಿದಷ್ಟು ನಿಧಾನವಾಗಿ ಉದುರಿಸಬೇಕು. ಆಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೆಲ್ಲಗೆ ತಿರುಗುತ್ತಿರಲಿ. ಬೇಗ ಆಗಲೆಂದು ಆ ತೋಟದಲ್ಲಿ ಬಳಸಿದ್ದ ಹಾಗೆ ಹೈಸ್ಪೀಡ್ ಮಿಕ್ಸರ್ ಇಟ್ಟರೆ ಸರ ತುಂಡುತುಂಡಾಗುತ್ತದೆ. ನೋಡಲು ಚೆನ್ನಾಗಿ ಕರಗಿದಂತಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಇನ್ನು ಆ ಹೆಚ್ಚಿನ ಹಿಡಿ. ಕಣಗಳ ಮೈಯೆಲ್ಲ ಪಾಲಿಯಿಂದಲೇ ಮುಚ್ಚಿಹೋದರೆ ಒಂದರ ಸರ ಇನ್ನೊಂದಕ್ಕೆ ಅಂಟಲು ಜಾಗವೇ ಉಳಿಯದು; ನೀರು ಮತ್ತೆ ಕದಡುತ್ತದೆ. ಆರು ಗ್ಲಾಸುಗಳಲ್ಲಿ ಅದೇ ನೀರು ತುಂಬಿ, ಮೊದಲು ಸುಣ್ಣದಿಂದ ಹುಳಿ ಮುರಿದು, ಪಟಿಕ ಹಾಕಿ, ಪಾಲಿಯನ್ನು ಒಂದೊಂದಕ್ಕೂ ಒಂದೊಂದು ಅಳತೆಯಲ್ಲಿ ಬೆರೆಸಿದೆ. ಲೀಟರಿಗೆ 2 ಮಿಲಿಗ್ರಾಂ ಹಾಕಿದ ಗ್ಲಾಸೇ ಗೆದ್ದಿತು. 10,000 ಲೀಟರ್ ನೀರಿಗೆ 20 ಗ್ರಾಂ ಪುಡಿ! ರೈಟರ್ ಅಂಗೈ ನೋಡಿಕೊಂಡರು. ಇದು ಆ ತೋಟದ ಆ ದಿನದ ಲೆಕ್ಕ. ನಿಮ್ಮ ನೀರಿಗೆ ನಿಮ್ಮದೇ ಗ್ಲಾಸು ಬೇಕು.

ತಿಳಿಯಾದ ನೀರನ್ನು ಹಳ್ಳಕ್ಕೆ ಬಿಡಬಹುದಾ ಎಂದು ಕೇಳಿದರು. ಖಂಡಿತ ಬೇಡ. ಪಾಲಿ ಹಿಡಿಯುವುದು ತೇಲುವ ಕಸವನ್ನು. ಹಣ್ಣಿನ ಲೋಳೆಯಿಂದ ಬಂದು ಕರಗಿದ ಸಕ್ಕರೆ ನೀರಿನಲ್ಲೇ ಉಳಿದಿರುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹಳ್ಳದ ಆಮ್ಲಜನಕವನ್ನು ಹೀರಿಬಿಟ್ಟರೆ ಮೀನು ಸಾಯುತ್ತವೆ. ಹಳ್ಳಕ್ಕೆ ಬಿಡುವ ಮೊದಲೇ ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ತಿನ್ನಿಸುವ ಹೊಂಡಗಳ ಕೆಲಸ ಇನ್ನೂ ಬಾಕಿ. ಈ ಕಡೆಯ ಹಳ್ಳಗಳು ಸೇರುವುದು ಹೇಮಾವತಿಯನ್ನು. ಕೆಳಗೆ ಗೊರೂರು ಅಣೆಕಟ್ಟು.

ಕಬ್ಬಿನ ಹಾಲನ್ನು ತಿಳಿ ಮಾಡಲು ಸಕ್ಕರೆ ಕಾರ್ಖಾನೆಗಳಲ್ಲಿ, ನಾರು ಜಾಲರಿಯಿಂದ ಸೋರಿಹೋಗದಂತೆ ಕಾಗದದ ಗಿರಣಿಗಳಲ್ಲಿ, ಬೋರ್‌ವೆಲ್ ಕೊರೆಯುವ ಕೆಸರಿನಲ್ಲಿಯೂ ಇದೇ ಪುಡಿ. ರಾಜಸ್ಥಾನದ ಬಾಡಮೇರ್‌ನ ಮಂಗಳಾ ತೈಲಕ್ಷೇತ್ರದಲ್ಲಿ ನೀರನ್ನು ಇದರಿಂದ ಮಂದ ಮಾಡಿ ನೆಲದೊಳಕ್ಕೆ ತಳ್ಳಿ ಎಣ್ಣೆ ಹೊರಡಿಸುತ್ತಾರೆ.

"ವಿಷ ಅಂತಾರಲ್ಲ ಸಾರ್?" ಎಂದರು ರೈಟರ್. ಸರ ವಿಷವಲ್ಲ, ಬಿಡಿ ಮಣಿ ವಿಷ. ಆಕ್ರಿಲಮೈಡ್ ನರಗಳಿಗೆ ಕೆಡುಕು. 1997ರಲ್ಲಿ ಸ್ವೀಡನ್ನಿನ ಹಲ್ಲಾಂಡ್ಸೋಸ್ ಸುರಂಗದಲ್ಲಿ ಸೋರಿಕೆ ತಡೆಯಲು ಬಳಸಿದ ಅಂಟಿನಿಂದ ಅದು ಹೊಳೆಗೆ ಸೇರಿ ಮೀನು ಸತ್ತವು, ದನಗಳ ಕಾಲು ಸ್ವಾಧೀನ ತಪ್ಪಿತು. ಅದರ ಬೆನ್ನು ಹತ್ತಿದವರಿಗೆ 2002ರಲ್ಲಿ ಕರಿದ ಆಲೂಗಡ್ಡೆಯಲ್ಲೂ ಆಕ್ರಿಲಮೈಡ್ ಸಿಕ್ಕಿತು. ಹುರಿದ ಕಾಫಿಯಲ್ಲೂ ಇದೆ! ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪುಡಿಯಲ್ಲಿ ಪೋಣಿಸದೆ ಉಳಿದ ಮಣಿ ಎಷ್ಟಿದೆ ಎಂಬ ಸರ್ಟಿಫಿಕೇಟ್ ಕೇಳದೆ ಕುಡಿಯುವ ನೀರಿಗೆ ಯಾವ ಪಾಲಿಯನ್ನೂ ಹಾಕಿಸಬೇಡಿ.

ನನ್ನನ್ನು ಇದು ಕೆಡವಿದ್ದು ಬೇರೆ ರೀತಿಯಲ್ಲಿ. ಚೆಲ್ಲಿದ ಪುಡಿಯ ಮೇಲೆ ಯಾರೋ ಪೈಪಿನಿಂದ ನೀರು ಬಿಟ್ಟಿದ್ದರು. ಕಾಲಿಟ್ಟೆ, ಸೊಂಟ ಹದಿನೈದು ದಿನ ನೋಯಿತು. ಚೆಲ್ಲಿದ್ದನ್ನು ಒಣಗಿದ್ದಾಗಲೇ ಗುಡಿಸಿ. ಒದ್ದೆಯಾಗಿದ್ದರೆ ಮರದ ಹೊಟ್ಟು ಹಾಕಿ ಬಾಚಿ ತೆಗೆಯಿರಿ, ನೀರು ಬಿಡಬೇಡಿ.